ಅಡುಗೆಯವ್ವನ ಕೈ

ಶಾಲೆಯೆಂದರೆ ಅಪಾಯವಿಲ್ಲದ ಉದ್ಯೋಗದ ತಾಣವೆಂದು ಲೋಕದ ನಂಬಿಕೆ. ಗಣಿಯಲ್ಲಿ ಕಲ್ಲು ಉರುಳಬಹುದು, ಗಿರಣಿಯಲ್ಲಿ ಯಂತ್ರದ ಪಟ್ಟಿ ಕೈಯನ್ನು ಸೆಳೆದುಕೊಳ್ಳಬಹುದು, ಮಾಸ್ತರನಿಗೆ ಏನಾದೀತು? ಸೀಮೆಸುಣ್ಣದ ಧೂಳು ಮೂಗಿಗೆ ಹೋದೀತು, ಅಷ್ಟೆ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಮಾಸ್ತರಿಕೆ ಮಾಡಿದ ನಾನೂ ಹಾಗೆಯೇ ನಂಬಿದ್ದೆ. ಮೇಜಿನ ಮೇಲೆ ಕುರ್ಚಿಯಿಟ್ಟು, ಕುರ್ಚಿಯ ಮೇಲೆ ನಿಂತು ಗಣರಾಜ್ಯೋತ್ಸವದ ತೋರಣ ಕಟ್ಟಿದವನು ನಾನೇ. ಮಳೆಗಾಲದಲ್ಲಿ ಒದ್ದೆಗೈಯಿಂದ ಪಂಪಿನ ಸ್ವಿಚ್ಚು ಒತ್ತಿ, ತೋಳು ಜುಮ್ಮೆಂದಾಗ ನಕ್ಕು ಸುಮ್ಮನಾದವನೂ ನಾನೇ. ಬಿದ್ದಿರಲಿಲ್ಲ, ಸತ್ತಿರಲಿಲ್ಲ, ಆದುದರಿಂದ ಅಪಾಯವಿಲ್ಲವೆಂದು ತೀರ್ಮಾನಿಸಿದ್ದೆ. ಇದು ಯಾವ ತರ್ಕಶಾಸ್ತ್ರವೋ ದೇವರೇ ಬಲ್ಲ.

ನಮ್ಮದು ಹೂವಿನಹಡಗಲಿ ತಾಲ್ಲೂಕಿನ ಹೊಳಲಿನ ಸೀಮೆ. 2021ರಲ್ಲಿ ವಿಜಯನಗರ ಜಿಲ್ಲೆಯಾಗುವವರೆಗೆ ಬಳ್ಳಾರಿಗೆ ಸೇರಿದ್ದ ನೆಲ. ಹೊಳಲಿನ ಗುಡಿಯಲ್ಲಿ ಅನಂತಶಯನಸ್ವಾಮಿ ಶೇಷನ ಮೇಲೆ ನಿಶ್ಚಿಂತೆಯಿಂದ ಪವಡಿಸಿದ್ದಾನೆ. ಅವನು ಮಲಗಿದ್ದರೂ ಲೋಕವ್ಯಾಪಾರ ಸಾಗುತ್ತದೆ. ಸುತ್ತಿನ ಹಳ್ಳಿಯೊಂದರ ಶಾಲೆಯಲ್ಲಿ ಮುಖ್ಯೋಪಾಧ್ಯಾಯನಾಗಿದ್ದ ನಾನು, ಮಲಗುವುದರಲ್ಲಿ ಮಾತ್ರ ಸ್ವಾಮಿಯನ್ನು ಅನುಸರಿಸುತ್ತಿದ್ದೆನೆಂದು ಈಗ ತೋರುತ್ತದೆ.

ಬಿಸಿಯೂಟದ 'ಅಕ್ಷರ ದಾಸೋಹ' 2002ರಲ್ಲಿ ಮೊದಲು ಆರಂಭವಾದುದು ಉತ್ತರದ ಏಳು ಜಿಲ್ಲೆಗಳಲ್ಲಿ, ಬಳ್ಳಾರಿಯೂ ಅವುಗಳಲ್ಲೊಂದು. ಹೀಗಾಗಿ ನಾಡಿನ ಉಳಿದೆಡೆಗಿಂತ ಮುಂಚೆಯೇ ನಮ್ಮ ಕಡೆಯ ಶಾಲೆಗಳಲ್ಲಿ ಒಲೆ ಹೊತ್ತಿತು. ಮನೆಯ ಅಡುಗೆಯನ್ನಷ್ಟೇ ಬಲ್ಲ ವಾಚಕರು ಶಾಲೆಯ ಅಡುಗೆಯನ್ನು ಒಮ್ಮೆ ಊಹಿಸಿಕೊಳ್ಳಬೇಕು. ಹಿರಿಯ ಪ್ರಾಥಮಿಕದ ಒಂದು ಮಗುವಿಗೆ 150 ಗ್ರಾಂ ಅಕ್ಕಿ. ನೂರಿಪ್ಪತ್ತು ಮಕ್ಕಳಿಗೆ 18 ಕಿಲೋ. ನೀರು ಕುಡಿದು ಅನ್ನವಾದಾಗ ಅದು 45 ಕಿಲೋಗೆ ಕಡಮೆಯಾಗದು. ಜೊತೆಗೆ ಕುದಿಯುವ ಸಾರಿನ ಡಬರಿ ಬೇರೆ. ಇಷ್ಟನ್ನೂ ಒಲೆಯಿಂದಿಳಿಸಿ, ಹೊಸ್ತಿಲು ದಾಟಿಸಿ, ಪಡಸಾಲೆಗೆ ತರುವವರು ಸೆರಗನ್ನೇ ಕೈಗೆ ಸುತ್ತಿಕೊಂಡ ಇಬ್ಬರು ಹೆಂಗಸರು. ಅವರಿಗೆ ದೊರೆಯುವುದು ಸಂಬಳವಲ್ಲ, ಗೌರವಧನ. ಗೌರವ ಎಷ್ಟು, ಧನ ಎಷ್ಟು ಎಂದು ನಾನು ಬಿಡಿಸಿ ಹೇಳುವುದಿಲ್ಲ.

ಮಕ್ಕಳಿಗೆ ಬಡಿಸುವ ಮೊದಲು ಶಿಕ್ಷಕರು ಊಟದ ರುಚಿ ನೋಡಿ ವಹಿಯಲ್ಲಿ ಬರೆಯಬೇಕೆಂಬ ನಿಯಮವುಂಟು. ನಾನು ತಪ್ಪದೆ ಬರೆಯುತ್ತಿದ್ದೆ. ಅನ್ನ ಬೆಂದಿದೆ, ಸಾರು ಚೆನ್ನಾಗಿದೆ, ಸಹಿ. ಬೇಯಿಸಿದವಳು ಹೇಗಿದ್ದಾಳೆಂಬುದಕ್ಕೆ ನನ್ನ ವಹಿಯಲ್ಲಿ ಕಾಲಂ ಇರಲಿಲ್ಲ.

ನಮ್ಮ ಅಡುಗೆಮನೆಯ ಹೊಸ್ತಿಲಿನ ಕಲ್ಲು ಸಡಿಲವಾಗಿತ್ತು. ನಾವೆಲ್ಲ 'ಅಡುಗೆಯವ್ವ' ಎಂದೇ ಕರೆಯುತ್ತಿದ್ದ ಹಿರಿಯಾಕೆ ಅದನ್ನು ನನಗೆ ಮೂರು ಸಲ ಹೇಳಿದ್ದಳು.

"ಸರ್ರ, ಆ ಕಲ್ಲು ಅಲುಗ್ಯಾಡಾಕ ಹತ್ತೈತ್ರಿ. ಒಂದೀಟು ಸಿಮಿಟಿ ಹಾಕಸ್ರಿ."

"ಆಗಲಿ ಬಿಡವ್ವ, ಎಸ್.ಡಿ.ಎಂ.ಸಿ. ಸಭೆಯೊಳಗ ಇಡೋಣು" ಎಂದಿದ್ದೆ. ಸಭೆ ಸೇರಿತು. ಧ್ವಜಕಟ್ಟೆಗೆ ಬಣ್ಣ ಬಳಿಸುವ ವಿಷಯದಲ್ಲೇ ಹೊತ್ತು ಮುಳುಗಿತು.

2014ರ ಮಳೆಗಾಲದ ಒಂದು ಮಧ್ಯಾಹ್ನ ಕಲ್ಲು ವಾಲಿತು. ಸಾರಿನ ಡಬರಿಯೂ ವಾಲಿತು. ಮಕ್ಕಳು ಇನ್ನೂ ತರಗತಿಯಲ್ಲಿದ್ದುದು ಪುಣ್ಯ. ಅಡುಗೆಯವ್ವನ ಬಲಗೈ, ಬಲಗಾಲು ಬೆಂದವು. ಯಾರೋ ಕಚೇರಿಯಿಂದ ಮಸಿಯ ಸೀಸೆ ತಂದರು. ಮಕ್ಕಳಿಗೆ ವಿಜ್ಞಾನ ಬೋಧಿಸುವ ನಾನು ಆ ಮಸಿಯನ್ನು ನನ್ನ ಕೈಯಿಂದಲೇ ಸುಟ್ಟಗಾಯದ ಮೇಲೆ ಸುರಿದೆ.

ಆಸ್ಪತ್ರೆಯ ವೈದ್ಯರು ತರುಣರು. ಗಾಯ ನೋಡಿದರು, ನನ್ನ ನೀಲಿ ಬೆರಳು ನೋಡಿದರು. "ಎಷ್ಟು ಆಳಕ್ಕೆ ಸುಟ್ಟಿದೆಯೆಂದು ಈ ಮಸಿಯ ಕೆಳಗೆ ನಾನು ಹೇಗೆ ತಿಳಿಯಲಿ?" ಎಂದರು. ಹರಿಯುವ ತಣ್ಣೀರಿನಡಿ ಇಪ್ಪತ್ತು ನಿಮಿಷ ಹಿಡಿಯಬೇಕಿತ್ತಂತೆ. ಮಂಜುಗಡ್ಡೆ, ಬೆಣ್ಣೆ, ಹಲ್ಲುಜ್ಜುವ ಪೇಸ್ಟು ಯಾವುದೂ ಸಲ್ಲದು. ಊತ ಬರುವ ಮೊದಲೇ ಬಳೆ ಉಂಗುರ ತೆಗೆಯಬೇಕು. ಅನಂತರ ಶುಭ್ರವಾದ ಬಟ್ಟೆಯನ್ನು ಸಡಿಲವಾಗಿ ಹೊದಿಸಿ ಕರೆತಂದರೆ ಸಾಕು. ಶಾಲೆಯ ನಲ್ಲಿ ಆಕೆಯಿಂದ ಹತ್ತು ಹೆಜ್ಜೆ ದೂರದಲ್ಲಿತ್ತು!

ಅಡುಗೆಯವ್ವ ನೋವಿನ ಮಾತನ್ನೇ ಆಡಲಿಲ್ಲ. "ಸರ್ರ, ನನ್ನ ಜಾಗಾಕ್ಕ ಬ್ಯಾರೆದಾಕಿನ್ನ ಇಟಗೊಂತೀರೇನ್ರಿ?" ಎಂದು ಮಾತ್ರ ಕೇಳಿದಳು. ಇಲ್ಲವೆಂದೆ. ಹೊರಗೆ ಬಂದು ಬೇವಿನ ಮರದ ಕೆಳಗೆ ಬಹಳ ಹೊತ್ತು ಕುಳಿತೆ.

ಕಲ್ಲಿಗೆ ಸಿಮೆಂಟು ಬಿದ್ದುದು ಅದೇ ಸಂಜೆ. ಅರ್ಧ ಬುಟ್ಟಿಯೂ ಹಿಡಿಯಲಿಲ್ಲ.

ಆಮೇಲೆ ನನಗೆ ಕಣ್ಣು ಬಂದಂತಾಯಿತು. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದ ಶಾಲೆಯೊಂದರಲ್ಲಿ ಅಡುಗೆಮನೆಯ ಬೆಂಕಿ ಗರಿಯ ಚಾವಣಿಗೆ ತಗಲಿ 94 ಮಕ್ಕಳು ಮಡಿದುದನ್ನು ಪತ್ರಿಕೆಯಲ್ಲಿ ಓದಿ ಮರುಗಿದ್ದೆ. ಎಲ್ಲ ಶಾಲೆಗಳಲ್ಲೂ ಅಗ್ನಿಶಾಮಕ ಸಾಧನವಿರಬೇಕು, ಸಿಬ್ಬಂದಿಗೆ ಅದರ ತರಬೇತಿಯಾಗಬೇಕು ಎಂದು ಸುಪ್ರೀಂ ಕೋರ್ಟು 2009ರಲ್ಲಿ ಆಜ್ಞೆ ಮಾಡಿದ್ದನ್ನೂ ಬಲ್ಲೆ. ನಮ್ಮಲ್ಲಿಯೂ ಆ ಕೆಂಪು ಸಿಲಿಂಡರು ಇತ್ತು. ನನ್ನ ಕೋಣೆಯಲ್ಲಿ, ಭೂಪಟದ ಪಕ್ಕ, ಕ್ಯಾಲೆಂಡರಿನ ಮರೆಯಲ್ಲಿ. ಅವಧಿ ಮುಗಿದು ಎರಡು ವರ್ಷವಾಗಿತ್ತು. ಅದನ್ನು ತುಂಬಿಸಿ ಅಡುಗೆಮನೆಯ ಬಾಗಿಲ ಹೊರಗೆ ತೂಗುಹಾಕಿಸಿದೆ. ಒಳಗಿಟ್ಟರೆ ಬೆಂಕಿಯನ್ನು ದಾಟಿ ಅದನ್ನು ತರುವವರಾರು? ಪಿನ್ನು ಕಿತ್ತು ಜ್ವಾಲೆಯ ಬುಡಕ್ಕೆ ಹಿಡಿಯುವುದನ್ನು ಅಡುಗೆಯವರೂ ನಾವೂ ಒಟ್ಟಿಗೆ ಕಲಿತೆವು. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ಹರಡಿಕೊಳ್ಳುತ್ತದೆ. ವಾಸನೆ ಬಂದಾಗ ದೀಪದ ಸ್ವಿಚ್ಚು ಮುಟ್ಟದೆ ಬಾಗಿಲು ತೆರೆಯಬೇಕೆಂಬುದನ್ನು ಏಳನೆಯ ತರಗತಿಗೆ ಪಾಠವಾಗಿ ಹೇಳಿದ್ದವನು, ಅಡುಗೆಮನೆಗೆ ಹೋಗಿ ಹೇಳಿದ್ದು ಅದೇ ಮೊದಲು. ಡಬರಿಯ ಹಿಡಿಕೆಗಳಿಗೆ ಗಟ್ಟಿ ಬಿದಿರಿನ ಬೊಂಬು ತೂರಿಸಿ ಇಬ್ಬರು ಹೊರುವ ಉಪಾಯ ಮಾತ್ರ ನನ್ನದಲ್ಲ, ಕಿರಿಯ ಅಡುಗೆಯಾಕೆಯದು. ಮೊದಲೇ ಏಕೆ ಹೇಳಲಿಲ್ಲವೆಂದರೆ, "ನೀವು ಕೇಳಿರಲಿಲ್ಲಲ್ರಿ" ಎಂದಳು.

ಅಡುಗೆಯವ್ವ ಐದು ವಾರಗಳ ಮೇಲೆ ಮರಳಿದಳು. ಎರಡು ಬೆರಳು ಪೂರ್ತಿ ಮಡಚುತ್ತಿರಲಿಲ್ಲ. ಸೌಟು ಎಡಗೈಗೆ ಬಂತು. ಎಡಗೈಯಲ್ಲಿ ಬಡಿಸಬಾರದೆಂದು ಊರಿನ ಹಿರಿಯರೊಬ್ಬರು ಆಕ್ಷೇಪಿಸಿದಾಗ, ನಾನು ಆಕೆಯೆದುರು ತಟ್ಟೆ ಹಿಡಿದು ಮೊದಲು ಬಡಿಸಿಕೊಂಡೆ. ಹಿರಿಯರು ಮತ್ತೆ ಮಾತೆತ್ತಲಿಲ್ಲ.

ನಿವೃತ್ತನಾದ ಮೇಲೆ ಒಮ್ಮೆ ಆ ಶಾಲೆಗೆ ಹೋಗಿದ್ದೆ. ಊಟದ ಹೊತ್ತು. ನನ್ನನ್ನು ಕಂಡು ಅಡುಗೆಯವ್ವ ಒಳಗಿನಿಂದಲೇ ಕೂಗಿದಳು: "ಬರ್ರಿ ಸರ್ರ! ಹೊಸ್ತಿಲಾ ನೋಡಕೊಂತ ಬರ್ರಿ."