ಸರಿಪಾಲೂ ತಕ್ಕ ಪಾಲೂ



ಈ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಮುಖ್ಯೋಪಾಧ್ಯಾಯಿನಿಯವರು ಹೇಳಿಕಳುಹಿಸಿದಾಗ, ಶಾಲೆಯ ಅಂಗಳವನ್ನೂ ಪ್ರಾರ್ಥನೆಯ ಗಂಟೆಯನ್ನೂ ನೆನೆದು ನಾಲ್ಕು ಸವಿಮಾತು ಬರೆಯುವುದು ನಮಗೆ ಸುಲಭವಾಗಿದ್ದಿತು. ಆದರೆ ನಾವು ಮಾಡಿದ ಒಂದು ತಪ್ಪು ಕೆಲವು ವರುಷಗಳಿಂದ ನಮ್ಮ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿದಿರುವುದರಿಂದ, ಅದನ್ನೇ ನಿಮ್ಮ ಮುಂದೆ ಅರಿಕೆಮಾಡಿಕೊಳ್ಳುವುದು ಲೇಸೆಂದು ತೋರಿತು.

2016ನೆಯ ಇಸವಿಯಲ್ಲಿ ಹಳೆಯ ವಿದ್ಯಾರ್ಥಿನಿಯರಾದ ನಾವು ಕೆಲವರು ಕೂಡಿ ಶಾಲೆಯ ಮಕ್ಕಳಿಗಾಗಿ ಚಂದಾ ಎತ್ತಿದೆವು. ಯಾರಿಗೂ ಹೆಚ್ಚು ಕಡಮೆಯಾಗಬಾರದು, ಯಾರೂ ನಮ್ಮನ್ನು ಪಕ್ಷಪಾತಿಗಳೆನ್ನಬಾರದು ಎಂದು ನಿಶ್ಚಯಿಸಿ, ಪ್ರತಿಯೊಬ್ಬ ಹುಡುಗಿಗೂ ಆರು ನೋಟುಪುಸ್ತಕಗಳನ್ನೂ ಒಂದು ಕಂಪಾಸು ಪೆಟ್ಟಿಗೆಯನ್ನೂ ಸರಿಸಮನಾಗಿ ಹಂಚಿದೆವು. ಚಪ್ಪಾಳೆಯಾಯಿತು, ಉಪಕಾರಸ್ಮರಣೆಯಾಯಿತು, ಚಹಾವೂ ಆಯಿತು. ನಾವು ಹೊರಡುವ ಹೊತ್ತಿಗೆ ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ಆಫೀಸಿನ ಬಾಗಿಲಲ್ಲಿ ಪೆಟ್ಟಿಗೆಯನ್ನು ಹಿಡಿದು ನಿಂತಿದ್ದಳು. “ಟೀಚರೇ, ಇದನ್ನು ಹಿಂದಕ್ಕೆ ಕೊಟ್ಟರೆ ಬಸ್ಸಿನ ದುಡ್ಡು ಸಿಗಬಹುದೋ?” ಎಂದು ಮೆಲ್ಲನೆ ಕೇಳಿದಳು. ಅವಳ ಮನೆ ಹೊಳೆಯ ಆಚೆಗೆ. ವಾರದಲ್ಲಿ ಎರಡು ದಿನ ಬಸ್ಸಿಗೆ ಕಾಸಿಲ್ಲದೆ ಹಾಜರಿ ತಪ್ಪುತ್ತಿದ್ದಿತಂತೆ. ಅದೇ ತರಗತಿಯ ಮತ್ತೊಬ್ಬಳು ತನ್ನ ಮನೆಯಲ್ಲಿ ಇಂಥ ಪೆಟ್ಟಿಗೆಗಳು ಮೂರು ಇವೆಯೆಂದು ನಗುತ್ತ ಹೇಳಿದಳು. ನಮ್ಮ ಸರಿಪಾಲು ಒಬ್ಬಳಿಗೆ ಬೇಡವಾಗಿದ್ದಿತು, ಇನ್ನೊಬ್ಬಳಿಗೆ ಉಪಯೋಗವಾಗದೆ ಹೋಗಿದ್ದಿತು.

ಆ ದಿನ ನಾವು ತಲೆತಗ್ಗಿಸಿ ಮನೆಗೆ ಬಂದೆವು. ನಮ್ಮ ಚಿಕ್ಕ ಚಂದಾದಲ್ಲಿಯೇ ಇಂಥ ಎಡವಟ್ಟು ಆದರೆ, ಕೋಟಿಗಟ್ಟಲೆ ಹಣವನ್ನು ಶಾಲೆಗಳಿಗೆ ಹಂಚುವ ಸರಕಾರಗಳು ಏನನ್ನು ನೋಡಿ ಹಂಚುತ್ತವೆ? ಈ ಪ್ರಶ್ನೆಯನ್ನು ಹಿಡಿದು ಓದುತ್ತ ಹೋದಂತೆ, ನಮ್ಮ ಶಾಲೆಯಂಥ ಶಾಲೆಗಳ ಚರಿತ್ರೆಯೇ ಇದರೊಳಗೆ ಹೆಣೆದುಕೊಂಡಿರುವುದು ಕಂಡುಬಂದಿತು.

ಬಾಸೆಲ್ ಮಿಷನಿನವರು ಮಂಗಳೂರಿಗೆ ಬಂದುದು 1834ರಲ್ಲಿ. ಇಪ್ಪತ್ತು ವರುಷಗಳ ಮೇಲೆ, 1854ರಲ್ಲಿ, ಸರ್ ಚಾರ್ಲ್ಸ್ ವುಡ್ಡರ ಶಿಕ್ಷಣಪತ್ರವು ಇಂಗ್ಲೆಂಡಿನಿಂದ ಬಂದು, ಖಾಸಗಿಯವರು ನಡೆಸುವ ಶಾಲೆಗಳಿಗೂ ಸರಕಾರದ ಸಹಾಯಧನ ಸಲ್ಲಬಹುದೆಂದು ಗೊತ್ತುಮಾಡಿತು. ಮಿಷನ್ ಶಾಲೆಗಳು ಗ್ರಾಂಟಿನ ಮುಖ ಕಂಡುದು ಆ ಮೂಲಕವೇ. ಆದರೆ ಹಣ ಕೊಡುವವನು ಏನನ್ನು ಅಳೆದು ಕೊಡಬೇಕೆಂಬ ಪ್ರಶ್ನೆಯು ಬೇಗನೆ ಎದ್ದಿತು. 1862ರಲ್ಲಿ ಇಂಗ್ಲೆಂಡಿನಲ್ಲಿ ರಾಬರ್ಟ್ ಲೋ ಎಂಬವರು ಜಾರಿಗೆ ತಂದ ಪದ್ಧತಿಯು ಫಲವನ್ನು ನೋಡಿ ಹಣ ಕೊಡುವ ಪದ್ಧತಿ. ಇನ್‌ಸ್ಪೆಕ್ಟರರು ಬಂದು ಒಂದೊಂದು ಮಗುವನ್ನೂ ಓದು, ಬರಹ, ಲೆಕ್ಕ ಈ ಮೂರರಲ್ಲಿ ಪರೀಕ್ಷಿಸುವರು. ಹಾಜರಿ ಸಾಕಷ್ಟಿದ್ದ ಮಗುವಿಗೆ ಎಂಟು ಶಿಲಿಂಗು. ಒಂದರಲ್ಲಿ ತಪ್ಪಿದರೆ ಅದರಲ್ಲಿ ಮೂರನೆಯ ಒಂದು ಪಾಲು ಕಡಿತ. ಕವಿಯೂ ಶಾಲಾ ಇನ್‌ಸ್ಪೆಕ್ಟರರೂ ಆಗಿದ್ದ ಮ್ಯಾಥ್ಯೂ ಆರ್ನಲ್ಡರು ಇದನ್ನು ಬಲವಾಗಿ ವಿರೋಧಿಸಿದರು. ನಮ್ಮ ಕರಾವಳಿಯು ಸೇರಿದ್ದ ಮದ್ರಾಸು ಆಧಿಪತ್ಯದಲ್ಲಿಯೂ ಇದೇ ಮಾದರಿಯ ಗ್ರಾಂಟು ನಡೆಯಿತು.

ಈ ಪದ್ಧತಿಯ ಕೆಡುಕನ್ನು ನಾವು ಹೆಂಗಸರು ಬೇಗನೆ ತಿಳಿಯಬಲ್ಲೆವು. ಮನೆಯಲ್ಲಿ ತಮ್ಮನನ್ನು ಎತ್ತಿಕೊಂಡು, ನೀರು ಸೇದಿ, ಗಂಜಿ ಕುಡಿದು, ತಡವಾಗಿ ಶಾಲೆಗೆ ಬರುವ ಹುಡುಗಿಯು ಪರೀಕ್ಷೆಯಲ್ಲಿ ತಪ್ಪುವಳು. ಅವಳು ತಪ್ಪಿದುದರಿಂದ ಅವಳ ಶಾಲೆಗೆ ಹಣ ಕಡಮೆಯಾಗುವುದು. ಹಣ ಕಡಮೆಯಾದುದರಿಂದ ಮರುವರುಷ ಅವಳಿಗೆ ಕಲಿಸುವವರೂ ಕಡಮೆಯಾಗುವರು. ಹಸಿದವನ ಎಲೆಯನ್ನೇ ಮೊದಲು ಎತ್ತಿದಂತಾಯಿತು. 1882ರ ಹಂಟರ್ ಆಯೋಗದವರಿಗೂ ಇದರ ಒಂದು ಅಂಶ ಹೊಳೆಯದಿರಲಿಲ್ಲ. ಹುಡುಗಿಯರ ಶಾಲೆಗಳಲ್ಲಿ ಹೊಸದಾಗಿ ಅಕ್ಷರ ಕಲಿಯುವವರೇ ಹೆಚ್ಚು, ಹುಡುಗರಷ್ಟು ಹೊತ್ತು, ಅವರಷ್ಟು ಕ್ರಮವಾಗಿ ಹುಡುಗಿಯರು ಬರಲಾರರು. ಆದುದರಿಂದ ಅವರ ಶಾಲೆಗಳಿಗೆ ಗ್ರಾಂಟಿನ ನಿಬಂಧನೆಗಳು ಸಡಿಲವಾಗಿರಬೇಕೆಂದು ಅವರು ಶಿಫಾರಸು ಮಾಡಿದರು. ಕೊರತೆಯನ್ನು ಕಂಡರೆ ಹಣ ಕಡಿಯುವುದಲ್ಲ, ಕೈ ಸಡಿಲಿಸುವುದು ಎಂಬ ನೀತಿಯು ಹುಡುಗಿಯರ ನೆಪದಿಂದಲೇ ನಮ್ಮ ದೇಶದ ಸರಕಾರೀ ಕಾಗದಗಳಲ್ಲಿ ಕಾಣಿಸಿಕೊಂಡಿತೆಂಬುದು ನಮಗೆ ಸಣ್ಣ ಹೆಮ್ಮೆಯಲ್ಲ.

ಫಲ ನೋಡಿ ಹಣ ಕೊಡುವ ಪದ್ಧತಿಯನ್ನು ಇಂಗ್ಲೆಂಡು ಹತ್ತೊಂಬತ್ತನೆಯ ಶತಮಾನ ಮುಗಿಯುವುದರೊಳಗೆ ಕೈಬಿಟ್ಟಿತು. ಅದೇ ದೇಶವು 2011ರಲ್ಲಿ ಹೊಸದೊಂದು ಏರ್ಪಾಡನ್ನು ಮಾಡಿ, ಬಡತನದ ಕಾರಣ ಶಾಲೆಯಲ್ಲಿ ಉಚಿತ ಊಟಕ್ಕೆ ಅರ್ಹವಾದ ಪ್ರತಿ ಮಗುವಿನ ಲೆಕ್ಕದಲ್ಲಿ ಶಾಲೆಗೆ ಹೆಚ್ಚಿನ ಹಣವನ್ನು ಕೊಡತೊಡಗಿತು. ಹಾಲೆಂಡಿನವರು 1985ರಷ್ಟು ಹಿಂದೆಯೇ ಮಕ್ಕಳನ್ನು ತೂಕದಿಂದ ಎಣಿಸಲು ಕಲಿತಿದ್ದರು. ತಾಯಿತಂದೆಗಳಿಗೆ ಹೆಚ್ಚು ಓದಿಲ್ಲದ ಮಗುವನ್ನು ಒಂದೂಕಾಲು ಮಗುವೆಂದೂ, ಅಂಥವರು ಪರದೇಶದಿಂದ ಬಂದವರಾಗಿದ್ದರೆ ಹೆಚ್ಚುಕಡಮೆ ಎರಡು ಮಕ್ಕಳೆಂದೂ ಲೆಕ್ಕ ಹಿಡಿದು ಶಾಲೆಗೆ ಉಪಾಧ್ಯಾಯರನ್ನು ಒದಗಿಸಿದರು.

ನಮ್ಮ ದೇಶದಲ್ಲಿ ಎರಡು ಬಗೆಯ ಅಳತೆಯೂ ಉಂಟು. 2018ರಲ್ಲಿ ಹುಟ್ಟಿದ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಸರಕಾರೀ ಶಾಲೆಯ ವಾರ್ಷಿಕ ಅನುದಾನಕ್ಕೆ ತಲೆಯೆಣಿಕೆಯೇ ಆಧಾರ. ನೂರು ದಾಟಿ 250ರ ವರೆಗೆ ಮಕ್ಕಳಿದ್ದರೆ 50,000 ರೂಪಾಯಿ, ಸಾವಿರ ದಾಟಿದರೆ 1,00,000 ರೂಪಾಯಿ ಎಂದು ಗೊತ್ತುಮಾಡಿದರು. ಆ ತಲೆಗಳ ಮೇಲಿನ ಹೊರೆ ಎಷ್ಟೆಂದು ಇಲ್ಲಿ ಕೇಳುವವರಿಲ್ಲ. ಆದರೆ ಅದೇ ಯೋಜನೆಯಲ್ಲಿ ಅಂಗವೈಕಲ್ಯವುಳ್ಳ ಹುಡುಗಿಯರಿಗೆ ತಿಂಗಳಿಗೆ 200 ರೂಪಾಯಿಯಂತೆ ಹತ್ತು ತಿಂಗಳ ಸಹಾಯವೂ ಸೇರಿತು. 2004ರಲ್ಲಿ ಆರಂಭವಾದ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯಗಳಿಗೆ, ಹಳ್ಳಿಯ ಹೆಂಗಸರ ಅಕ್ಷರಜ್ಞಾನವು ದೇಶದ ಸರಾಸರಿಗಿಂತ ಕಡಮೆಯಿದ್ದ ಪ್ರದೇಶಗಳನ್ನೇ ಹುಡುಕಿ ಆರಿಸಿದರು. ರಾಯಚೂರು, ಯಾದಗಿರಿ, ಕಲಬುರಗಿಯ ಸೀಮೆಗಳಲ್ಲಿ ಅವು ನಿಂತಿರುವುದು ಈ ಕಾರಣದಿಂದಲೇ.

ಅವಶ್ಯಕತೆಯನ್ನು ನೋಡಿ ಕೊಡುವುದರಲ್ಲಿಯೂ ತೊಡಕುಂಟು. 2023ರ ಜೂನಿನಲ್ಲಿ ಕರ್ನಾಟಕ ಸರಕಾರವು ತನ್ನ ಬಸ್ಸುಗಳಲ್ಲಿ ಹೆಂಗಸರಿಗೂ ಹುಡುಗಿಯರಿಗೂ ಪ್ರಯಾಣವನ್ನು ಉಚಿತ ಮಾಡಿದಾಗ, ಹೊಳೆಯಾಚೆಯ ಆ ಹುಡುಗಿಯನ್ನು ನಾವು ನೆನೆದೆವು. ಆದರೆ ಅವಳ ಊರಿಗೆ ಹೋಗುತ್ತಿದ್ದುದು ಖಾಸಗಿ ಬಸ್ಸು! ದಾನವು ದೊಡ್ಡದಾದರೂ ದಾರಿ ಅಲ್ಲಿಗೆ ಹೋಗದಿದ್ದರೆ ಅದು ಮುಟ್ಟುವುದಿಲ್ಲ.

ಇನ್ನೊಂದು ತೊಡಕು ಮಾನದ್ದು. ನಮ್ಮ ಬಾಲ್ಯದಲ್ಲಿ “ಅರ್ಧ ಫೀಸಿನವರು ಎದ್ದು ನಿಲ್ಲಿರಿ” ಎಂದು ತರಗತಿಯಲ್ಲಿ ಕೂಗುವ ರೂಢಿ ಇದ್ದಿತು. ಕೂಗುತ್ತಿದ್ದವರು ಕಠಿಣ ಹೃದಯದವರಲ್ಲ, ಪಟ್ಟಿ ತುಂಬಬೇಕಾಗಿದ್ದಿತು, ಅಷ್ಟೇ. ಆದರೆ ಎದ್ದು ನಿಂತವರಲ್ಲಿ ನಾವೂ ಇದ್ದೆವು. ಬೆಂಚಿನ ಮೇಲಿನ ಗೆರೆಗಳನ್ನು ನೋಡುತ್ತ ನಿಂತ ಆ ನಿಮಿಷವು ಇಂದಿಗೂ ಮರೆಯದು. ನಾಚಿಕೆಯಿಂದ ಅರ್ಜಿಯನ್ನೇ ಕೊಡದವರು ಯಾವ ಲೆಕ್ಕಕ್ಕೂ ಸಿಕ್ಕುವುದಿಲ್ಲ. ಇಂಗ್ಲೆಂಡಿನ ಏರ್ಪಾಡಿನಲ್ಲಿ ಹಣವನ್ನು ಮಗುವಿನ ಕೈಗೆ ಕೊಡದೆ ಶಾಲೆಗೆ ಕೊಡುವುದರಿಂದ ಈ ಸಂಕೋಚ ಸ್ವಲ್ಪ ತಪ್ಪುವುದೆಂದು ನಮಗೆ ತೋರುವುದು.

ಹಂಚುವ ಕೆಲಸವು ಭಕ್ತರಿಗೂ ಸುಲಭವಲ್ಲವೆಂಬುದಕ್ಕೆ ಅಪೊಸ್ತಲರ ಕೃತ್ಯಗಳೇ ಸಾಕ್ಷಿ. ಆದಿಸಭೆಯಲ್ಲಿ ದಿನದಿನದ ಹಂಚಿಕೆಯೊಳಗೆ ಗ್ರೀಕ್ ಭಾಷೆಯವರ ವಿಧವೆಯರು ಬಿಟ್ಟುಹೋಗುತ್ತಿದ್ದರೆಂದು ಗೊಣಗಾಟವೆದ್ದಿತು. ಅಪೊಸ್ತಲರು ಗೊಣಗಿದವರನ್ನು ಗದರಿಸಲಿಲ್ಲ. ಏಳು ಮಂದಿ ವಿವೇಕಿಗಳನ್ನು ಆ ಕೆಲಸಕ್ಕೆಂದೇ ನೇಮಿಸಿದರು. ಒಳ್ಳೆಯ ಮನಸ್ಸಿದ್ದರೆ ಸಾಲದು, ಯಾರು ಬಿಟ್ಟುಹೋದರೆಂದು ನೋಡುವ ಕಣ್ಣುಗಳೂ ಬೇಕು.

ಆದುದರಿಂದ ಮರುವರುಷದಿಂದ ನಾವು ನಮ್ಮ ಚಂದಾವನ್ನು ಸಭೆಯಲ್ಲಿ ಹಂಚುವುದನ್ನು ಬಿಟ್ಟೆವು. ತರಗತಿಯ ಉಪಾಧ್ಯಾಯಿನಿಯರು ಗುಟ್ಟಾಗಿ ತಿಳಿಸಿದಂತೆ ಒಬ್ಬಳಿಗೆ ಬಸ್ಸಿನ ಪಾಸು, ಒಬ್ಬಳಿಗೆ ಕನ್ನಡಕ, ಇನ್ನೊಬ್ಬಳಿಗೆ ಸಂಜೆಯ ಪಾಠ ಒದಗಿಸಿದೆವು. ಕೆಲವರಿಗೆ ಏನನ್ನೂ ಕೊಡಲಿಲ್ಲ. ಚಪ್ಪಾಳೆ ನಿಂತುಹೋಯಿತು. “ನಮ್ಮ ಮಗಳಿಗೇಕೆ ಇಲ್ಲ?” ಎಂದು ಕೇಳಿದ ತಂದೆಯೂ ಉಂಟು. ಅವರಿಗೆ ನಾವು ಆ ದಿನ ಸರಿಯಾದ ಉತ್ತರ ಕೊಡಲಾರದೆ ಹೋದೆವು. ಈ ಲೇಖನವೇ ನಮ್ಮ ಉತ್ತರವೆಂದು ಅವರು ದಯವಿಟ್ಟು ಸ್ವೀಕರಿಸಲಿ.

ಹೊಳೆಯಾಚೆಯ ಹುಡುಗಿ ಹತ್ತನೆಯ ತರಗತಿಯನ್ನು ಮುಗಿಸಿ ಹೋದಳು. ಆ ಕಂಪಾಸು ಪೆಟ್ಟಿಗೆ ಮಾತ್ರ ಇನ್ನೂ ನಮ್ಮ ಮೇಜಿನ ಮೇಲೆ ಇದೆ. ಲೆಕ್ಕ ಬರೆಯಲು ಕುಳಿತಾಗಲೆಲ್ಲ ಅದನ್ನು ಒಮ್ಮೆ ನೋಡಿಕೊಳ್ಳುವೆವು. ದೇವರು ಈ ಶಾಲೆಯನ್ನೂ ಇಲ್ಲಿಗೆ ನಡೆದುಬರುವ ಪಾದಗಳನ್ನೂ ಹರಸಲಿ.