ಜೋಗದಾಚೆಯ ಜೋಗಗಳು

ಜಲಪಾತವೆಂದೊಡನೆ ಕನ್ನಡಿಗನ ಮನಸ್ಸಿಗೆ ಬರುವುದು ಜೋಗ. ರಾಜ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕು ಧಾರೆಗಳಾಗಿ 830 ಅಡಿಗಳ ಆಳಕ್ಕೆ ಧುಮುಕುವ ಶರಾವತಿಯನ್ನು ಒಮ್ಮೆಯಾದರೂ ಕಾಣಬೇಕೆಂಬ ಹಂಬಲ ಯಾರಿಗಿಲ್ಲ? ಆದರೆ ಮಕ್ಕಳ ರಜೆಗೆ ಹೊಂದಿಸಿಕೊಂಡು ಏಪ್ರಿಲ್ ತಿಂಗಳಲ್ಲಿ ಸಕುಟುಂಬವಾಗಿ ಹೊರಟವರು, ಬರಿಯ ಕಪ್ಪು ಬಂಡೆಯನ್ನೂ ಅದರ ಮೇಲೆ ಇಳಿಬಿಟ್ಟಂತಿರುವ ಎರಡೆಳೆ ಬಿಳಿಯ ನೂಲನ್ನೂ ಕಂಡು ನಿಟ್ಟುಸಿರಿಟ್ಟು ಹಿಂದಿರುಗುವುದೂ ಉಂಟು. ತಪ್ಪು ಬೇಸಗೆಯದೊಂದೇ ಅಲ್ಲ. 1948ರಲ್ಲಿ ಜೋಗದ ಬಳಿ ವಿದ್ಯುದಾಗಾರ ಆರಂಭವಾಯಿತು. 1964ರಲ್ಲಿ ನದಿಯ ಮೇಲ್ಭಾಗದಲ್ಲಿ ಲಿಂಗನಮಕ್ಕಿ ಅಣೆಕಟ್ಟು ತಲೆಯೆತ್ತಿತು. ಅಂದಿನಿಂದ ಶರಾವತಿ ತನ್ನಿಷ್ಟದಂತೆ ಹರಿಯುವ ನದಿಯಾಗಿ ಉಳಿದಿಲ್ಲ. ನಾಡಿನ ಮನೆಗಳಲ್ಲಿ ದೀಪ ಉರಿಯಲೆಂದು ಆಕೆ ತನ್ನ ವೈಭವದ ಬಹುಪಾಲನ್ನು ಒತ್ತೆಯಿಟ್ಟಿದ್ದಾಳೆ. ದೂರುವ ಮುನ್ನ ಪ್ರವಾಸಿಗನು ಇದನ್ನು ನೆನೆಯುವುದು ನ್ಯಾಯ.

ಹಾಗಾದರೆ ನದಿಯೊಂದು ಯಾರ ಅಪ್ಪಣೆಗೂ ಕಾಯದೆ ಧುಮುಕುವುದನ್ನು ನೋಡಬೇಕೆಂದರೆ? ದೂರ ಹೋಗಬೇಕಾದುದಿಲ್ಲ. ಜೋಗದಿಂದ ಉತ್ತರಕ್ಕೆ ಹೊರಟರೆ ಸಿದ್ಧಾಪುರ, ಶಿರಸಿ, ಯಲ್ಲಾಪುರಗಳು ಒಂದರ ಹಿಂದೊಂದು ಎದುರಾಗುತ್ತವೆ. 1956ರವರೆಗೆ ಮುಂಬಯಿ ರಾಜ್ಯಕ್ಕೆ ಸೇರಿದ್ದ ಉತ್ತರ ಕನ್ನಡ ಜಿಲ್ಲೆಯ ಈ ಘಟ್ಟದ ಮೇಲಿನ ಸೀಮೆ ಜಲಪಾತಗಳ ತವರೆಂದರೆ ಅತಿಶಯೋಕ್ತಿಯಾಗಲಾರದು. ಕಾರಣ ಸರಳ. ಕಾವೇರಿ, ತುಂಗಭದ್ರೆಗಳು ಪೂರ್ವಾಭಿಮುಖವಾಗಿ ನೂರಾರು ಮೈಲಿ ಸಾವಕಾಶವಾಗಿ ಸಾಗುತ್ತವೆ. ಇಲ್ಲಿನ ನದಿಗಳಿಗೆ ಅಷ್ಟು ವಿರಾಮವಿಲ್ಲ. ಸುಮಾರು ಎರಡು ಸಾವಿರ ಅಡಿಗಳೆತ್ತರದ ನೆಲದಲ್ಲಿ ಅವು ಹರಿಯುತ್ತಿರುವಾಗಲೇ ಪಶ್ಚಿಮದಲ್ಲಿ ಕಡಲು ಕೈಗೆಟಕುವಷ್ಟು ಹತ್ತಿರದಲ್ಲಿರುತ್ತದೆ. ಇರುವ ಎತ್ತರವನ್ನೆಲ್ಲ ಒಂದೆರಡು ನೆಗೆತಗಳಲ್ಲಿ ಕಳೆದುಕೊಳ್ಳದೆ ಅವಕ್ಕೆ ಗತ್ಯಂತರವಿಲ್ಲ.

ಯಲ್ಲಾಪುರದಿಂದ ಇಪ್ಪತ್ತು ಕಿಲೋಮೀಟರಿನೊಳಗೆ ಮಾಗೋಡು. ಧಾರವಾಡದ ಬಳಿ ಶಾಲ್ಮಲೆಯೆಂಬ ಹೆಸರಿನಿಂದ ಹುಟ್ಟುವ ನದಿ ಇಲ್ಲಿಗೆ ಬರುವಷ್ಟರಲ್ಲಿ ಬೇಡ್ತಿಯಾಗಿ, ಘಟ್ಟವಿಳಿದ ಮೇಲೆ ಗಂಗಾವಳಿಯಾಗುತ್ತದೆ. ಮಾಗೋಡಿನಲ್ಲಿ ಅದು ಎರಡು ಹಂತಗಳಲ್ಲಿ ಸುಮಾರು 650 ಅಡಿ ಕೆಳಗಿಳಿಯುವ ನೋಟ ಗಂಭೀರವಾದುದು. ಕಣಿವೆಯ ಈಚೆಯ ಅಂಚಿನಲ್ಲಿ ನಿಂತೇ ನೋಡಬೇಕು. ನೀರನ್ನು ಮುಟ್ಟುವ ಆಸೆ ಇಲ್ಲಿ ಸಲ್ಲದು. ಸಂಜೆಯಾಗುತ್ತಿದ್ದರೆ ಸಮೀಪದ ಜೇನುಕಲ್ಲುಗುಡ್ಡವನ್ನೇರಿ, ಕಾಡಿನ ನಡುವೆ ಬಳುಕುವ ನದಿಯ ಮೇಲೆ ಸೂರ್ಯಾಸ್ತವನ್ನು ಕಾಣಬಹುದು. ಈ ನೋಟ ಉಳಿದದ್ದು ತಾನಾಗಿಯೇ ಅಲ್ಲ. ಬೇಡ್ತಿಯನ್ನೂ ವಿದ್ಯುತ್ತಿಗಾಗಿ ಕಟ್ಟಿಹಾಕುವ ಯೋಜನೆ ಸಿದ್ಧವಾಗಿದ್ದಾಗ, 1981ರಲ್ಲಿ ಶಿರಸಿಯಲ್ಲಿ ವಿಜ್ಞಾನಿಗಳೂ ಅಡಕೆಯ ಬೆಳೆಗಾರರೂ ಒಂದೆಡೆ ಕಲೆತು ಅದರ ಲಾಭನಷ್ಟಗಳನ್ನು ತೂಗಿನೋಡಿದರು. ಮುಳುಗಲಿರುವ ಕಾಡಿಗೆ, ತೋಟಕ್ಕೆ ಬೆಲೆ ಕಟ್ಟಿದ ಮೇಲೆ ಲೆಕ್ಕ ಯೋಜನೆಯ ಕಡೆಗೆ ವಾಲಲಿಲ್ಲ, ಅದು ಕೈಬಿಟ್ಟುಹೋಯಿತು. ಬೇಡ್ತಿಯ ನೀರನ್ನು ವರದಾ ನದಿಯತ್ತ ತಿರುಗಿಸುವ ಮಾತು ಮಾತ್ರ ಈ ದಶಕದಲ್ಲಿ ಮತ್ತೆ ಕೇಳಿಬಂದಿದೆ, ವಿರೋಧವೂ ಕೂಡ.

ಯಲ್ಲಾಪುರದಿಂದಲೇ ಮೂವತ್ತು ಕಿಲೋಮೀಟರಿನಷ್ಟು ದೂರದಲ್ಲಿರುವ ಸಾತೊಡ್ಡಿ ಎತ್ತರದಲ್ಲಿ ಬಡವ, ಐವತ್ತಡಿಯಷ್ಟೆ. ಆದರೆ ಬಂಡೆಗಳ ನಡುವೆ ನೆರಳಿನಲ್ಲಿ ನಡೆದುಹೋಗಿ ಅದರ ಹತ್ತಿರ ನಿಲ್ಲಬಹುದಾದುದರಿಂದ ಮಕ್ಕಳಿಗೆ ಪ್ರಿಯವಾಗುವುದು ಇದೇ. ಬುತ್ತಿಯನ್ನು ಕಟ್ಟಿಕೊಂಡು ಹೋಗುವುದು ಲೇಸು.

ಈ ಸೀಮೆಯಲ್ಲಿ ಒಂದೇ ಒಂದನ್ನು ನೋಡಲು ಸಮಯವಿದ್ದರೆ ಅದು ಉಂಚಳ್ಳಿಯಾಗಿರಲಿ. ಸಿದ್ಧಾಪುರ ತಾಲ್ಲೂಕಿನ ಹೆಗ್ಗರಣೆಯನ್ನು ದಾಟಿ, ಅಡಕೆ ತೋಟಗಳ ನಡುವಣ ಕಿರಿದಾದ ದಾರಿಯಲ್ಲಿ ಮೋಟಾರು ಸಾಗಿ ನಿಂತ ಮೇಲೆ ಕಾಡಿನೊಳಗೆ ಕಾಲ್ನಡಿಗೆ. ಮೊದಲು ಕಿವಿಗೆ ಬೀಳುವುದು ಒಂದು ಮೊರೆತ. ಮೆಟ್ಟಿಲುಗಳನ್ನು ಇಳಿಯುತ್ತಿದ್ದಂತೆ ಅದು ಬೆಳೆಯುತ್ತದೆ. ಕೊನೆಯ ತಿರುವಿನಲ್ಲಿ ಎದುರಿನ ಹಸಿರು ಸೀಳಿ, 381 ಅಡಿಗಳ ಎತ್ತರದಿಂದ ಅಘನಾಶಿನಿ ಅಗಲವಾದ ಬಿಳಿಯ ಹಾಸಾಗಿ ಇಳಿಯುವುದು ಕಾಣುತ್ತದೆ. ಮಾತನಾಡಿದರೆ ಪಕ್ಕದವರಿಗೆ ಕೇಳಿಸದು. ಸ್ಥಳೀಯರು ಇದನ್ನು ಕೆಪ್ಪ ಜೋಗವೆಂದು ಕರೆಯುವುದು ಅದಕ್ಕೇ. ಪುಸ್ತಕಗಳಲ್ಲಿ ಇದಕ್ಕೆ ಲಷಿಂಗ್ಟನ್ ಜಲಪಾತವೆಂಬ ಹೆಸರೂ ಉಂಟು: 1845ರಲ್ಲಿ ಆ ಹೆಸರಿನ ಆಂಗ್ಲ ಕಲೆಕ್ಟರನು ಇದನ್ನು ಕಂಡುಹಿಡಿದನಂತೆ! ಆ ಸದ್ದಿನಲ್ಲೇ ಹುಟ್ಟಿ ಬೆಳೆದ ಜನ ಅಲ್ಲಿಯವರೆಗೆ ಏನು ಮಾಡುತ್ತಿದ್ದರೋ, ಗ್ರಂಥಕರ್ತರು ಹೇಳುವುದಿಲ್ಲ. ಕೆಪ್ಪ ಜೋಗವೆಂಬ ಹೆಸರೇ ಹೆಚ್ಚು ಸತ್ಯವಾದುದು.

ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಹೋದರೆ ಮಂಜು ಮುಸುಕಿ, ಗಂಟೆಗಟ್ಟಲೆ ಕಾದರೂ ಸದ್ದಷ್ಟೇ ದೊರೆಯುವ ಸಂಭವವುಂಟು. ಉಂಬಳಗಳ ಕಾಟ ಬೇರೆ. ಸೆಪ್ಟೆಂಬರಿನ ಕೊನೆಯಿಂದ ಡಿಸೆಂಬರಿನವರೆಗೆ ನೀರೂ ಸಮೃದ್ಧ, ಆಕಾಶವೂ ನಿರ್ಮಲ. ಶಿರಸಿಯಲ್ಲಿ ತಂಗಿದರೆ ಎರಡು ಮೂರು ದಿನಗಳಲ್ಲಿ ಎಲ್ಲವನ್ನೂ ನೋಡಬಹುದು. ರೈಲು ಶಿರಸಿಯವರೆಗೆ ಬಾರದು. ಜೋಗದ ಕಡೆಯಿಂದ ಬರುವವರಿಗೆ ತಾಳಗುಪ್ಪ, ಯಲ್ಲಾಪುರದ ಕಡೆಯಿಂದ ಬರುವವರಿಗೆ ಹುಬ್ಬಳ್ಳಿ ಅನುಕೂಲವಾದ ನಿಲ್ದಾಣಗಳು.

ಉಂಚಳ್ಳಿಯ ಸುತ್ತಣ ಕಾಡು ಸಿಂಗಳೀಕಗಳ ಬೀಡು; ಅವುಗಳ ರಕ್ಷಣೆಗಾಗಿ 2011ರಲ್ಲಿ ಅಘನಾಶಿನಿಯ ಕಣಿವೆಯನ್ನು ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಯಿತು. ಶಿರಸಿಯ ಬಳಿ ಹುಟ್ಟಿದ ಈ ನದಿಯ ಮುಖ್ಯ ಪ್ರವಾಹಕ್ಕೆ ಕಡಲು ಸೇರುವವರೆಗೆ ಯಾವ ದೊಡ್ಡ ಅಣೆಕಟ್ಟೂ ಅಡ್ಡ ನಿಂತಿಲ್ಲ. ಅದರ ಅರ್ಥ ತಿಳಿಯಬೇಕಾದರೆ ಘಟ್ಟವಿಳಿದು ಕುಮಟಾದತ್ತ ಹೋಗಬೇಕು. ಮಳೆಗಾಲದಲ್ಲಿ ಉಂಚಳ್ಳಿಯಿಂದ ಧುಮುಕಿದ ಸಿಹಿನೀರು ಅಳಿವೆಗೆ ನುಗ್ಗಿ ಉಪ್ಪನ್ನು ತೊಳೆದಾಗಲೇ ಅಲ್ಲಿನ ಗಜನಿ ಗದ್ದೆಗಳಲ್ಲಿ ಕಗ್ಗವೆಂಬ ಭತ್ತ ಮೊಳೆಯುತ್ತದೆ. ಮಳೆ ನಿಂತು ಕಡಲಿನ ನೀರು ಒಳಬಂದ ಮೇಲೆ ಸಾಣಿಕಟ್ಟೆಯ ಆಗರಗಳಲ್ಲಿ ಉಪ್ಪು ಹರಳುಗಟ್ಟುತ್ತದೆ. ತದಡಿಯ ಬಳಿ ಇಳಿತದ ಹೊತ್ತಿಗೆ, ಮೊಳಕಾಲುದ್ದ ನೀರಿನಲ್ಲಿ ನಿಂತು, ಜನರು ನದಿಯ ಕೆಸರಿನಿಂದ ಚಿಪ್ಪುಗಳನ್ನು ಆಯ್ದು ಬುಟ್ಟಿ ತುಂಬಿಕೊಳ್ಳುತ್ತಿರುತ್ತಾರೆ.