ಸ್ಫಟಿಕ ಪರೀಕ್ಷೆ

ಸ್ಫಟಿಕವೆಂದೊಡನೆ ನಮ್ಮ ಮನಸ್ಸಿಗೆ ಬರುವುದು ಜಪಮಾಲೆ, ಇಲ್ಲವೆ ದೇವರ ಪೆಟ್ಟಿಗೆಯೊಳಗಿನ ಪುಟ್ಟ ಲಿಂಗ. ಬೆಣಚುಕಲ್ಲೆಂದೊಡನೆ ಬರುವುದು ಹೊಲದ ಬದುವಿನಲ್ಲಿ ಕಾಲಿಗೆ ಚುಚ್ಚುವ ಬಿಳಿಯ ಕಲ್ಲು. ಒಂದನ್ನು ಮಡಿವಸ್ತ್ರದಲ್ಲಿ ಸುತ್ತಿಡುತ್ತೇವೆ. ಇನ್ನೊಂದನ್ನು ಎಡವಿ ಶಪಿಸುತ್ತೇವೆ. ಆದರೆ ದ್ರವ್ಯದೃಷ್ಟಿಯಿಂದ ಇವೆರಡೂ ಒಂದೇ. ಸಿಲಿಕಾನ್ ಮತ್ತು ಆಮ್ಲಜನಕಗಳ ಸಂಯೋಗದಿಂದ ಹುಟ್ಟಿದ ಈ ಕಲ್ಲು, ಬಂಡೆಯ ಬಿರುಕಿನಲ್ಲಿ ಇಕ್ಕಟ್ಟಾಗಿ ಬೆಳೆದು, ದ್ರವದ ಸೂಕ್ಷ್ಮಕಣಗಳು ಒಳಗೆ ಸೆರೆಯಾದಾಗ ಬಿಳಿಯ ಬೆಣಚಾಗುತ್ತದೆ. ಬೆಳೆಯಲು ತೆರಪು ದೊರೆತಲ್ಲಿ ಆರು ಮುಖಗಳ ನಿರ್ಮಲ ಸ್ತಂಭವಾಗಿ ನಿಲ್ಲುತ್ತದೆ. 2001ರಲ್ಲಿ ಮುಚ್ಚಿದ ಕೋಲಾರದ ಗಣಿಗಳಲ್ಲಿ ಚಿನ್ನ ದೊರೆಯುತ್ತಿದ್ದುದೂ ಬೆಣಚಿನ ಎಳೆಗಳಲ್ಲಿಯೇ.

ಪಾಠಶಾಲೆಯಲ್ಲಿ ನಾವು ಸ್ಫಟಿಕವನ್ನು ಕಂಡುದಕ್ಕಿಂತ ಕೇಳಿದುದೇ ಹೆಚ್ಚು. ದಾಸವಾಳದ ಹೂವಿನ ಸನ್ನಿಧಿಯಲ್ಲಿ ಸ್ಫಟಿಕವು ಕೆಂಪಾಗಿ ತೋರುವುದು, ಹೂವನ್ನು ತೆಗೆದರೆ ಕೆಂಪಿಲ್ಲ; ಆತ್ಮನಲ್ಲಿ ಸುಖದುಃಖಗಳು ತೋರುವುದೂ ಹಾಗೆಯೇ ಎಂದು ಗುರುಗಳು ಬೋಧಿಸುತ್ತಿದ್ದರು. ವರಾಹಮಿಹಿರನು ಬೃಹತ್ಸಂಹಿತೆಯ ರತ್ನಗಳ ಸಾಲಿನಲ್ಲಿ ಸ್ಫಟಿಕವನ್ನು ಸೇರಿಸಿದ್ದಾನೆಂಬುದನ್ನೂ ಅಲ್ಲಿಯೇ ಅರಿತೆವು. ಕಲ್ಲನ್ನು ಕೈಗೆತ್ತಿಕೊಂಡು ನೋಡುವ ಅಭ್ಯಾಸವು ನನಗೆ ಬಂದುದು ಮಾತ್ರ ಉಪಾಧ್ಯಾಯವೃತ್ತಿಯಿಂದ ಬಿಡುವು ದೊರೆತ ಮೇಲೆ.

ಹಾಗೆ ನೋಡತೊಡಗಿದಾಗ ದಾಸವಾಳದ ದೃಷ್ಟಾಂತಕ್ಕೆ ಒಳಪಡದ ಬಣ್ಣಗಳೂ ಇವೆಯೆಂಬುದು ತಿಳಿಯಿತು. ನೇರಳೆ ಬಣ್ಣದ ಅಮೆಥಿಸ್ಟ್ ಎಂಬುದೂ ಸ್ಫಟಿಕವೇ. ಅದರ ಬಣ್ಣ ಹೊರಗಿನಿಂದ ಬಿದ್ದುದಲ್ಲ; ಕಲ್ಲಿನೊಳಗೆ ಸೇರಿದ ಕಬ್ಬಿಣದ ಲೇಶವೂ ನೆಲದೊಳಗಿನ ಸಹಜ ವಿಕಿರಣವೂ ಕೂಡಿ ಉಂಟಾದುದು. ಅದನ್ನು ಚೆನ್ನಾಗಿ ಕಾಯಿಸಿದರೆ ಬಹುಮಟ್ಟಿಗೆ ಹಳದಿಯಾಗುತ್ತದೆ. ಪೇಟೆಯ ಹಳದಿ ಸ್ಫಟಿಕಗಳಲ್ಲಿ ಹಲವು ಹೀಗೆ ಕಾಯಿಸಿದವೇ. ಹೊಗೆಬಣ್ಣದ ಸ್ಫಟಿಕಕ್ಕೆ ಅಲ್ಯೂಮಿನಿಯಮ್ ಲೇಶವೂ ವಿಕಿರಣವೂ ಕಾರಣ. ಕೆಲವು ಕಲ್ಲುಗಳೊಳಗೆ ಹೊನ್ನಿನ ಕೂದಲಿನಂತಹ ಸೂಜಿಗಳು ಕಾಣುವುವು. ಅವು ರೂಟೈಲ್ ಎಂಬ ಬೇರೊಂದು ಖನಿಜ. ಖಂಬಾತಿನ ಕುಶಲಿಗಳು ಮಣಿ ಮಾಡುವ ಅಕೀಕು ಸಹ ಅತಿಸೂಕ್ಷ್ಮ ಕಣಗಳಿಂದಾದ ಇದೇ ಕುಲದ ಕಲ್ಲು.

ಗಾಜಿನಿಂದ ಸ್ಫಟಿಕವನ್ನು ಬೇರ್ಪಡಿಸಿ ಅರಿಯುವುದು ಹೇಗೆ? ಕಾಠಿಣ್ಯದ ಕ್ರಮದಲ್ಲಿ ಸ್ಫಟಿಕ 7, ಸಾಮಾನ್ಯ ಗಾಜು ಸುಮಾರು 5.5. ಆದುದರಿಂದ ಸ್ಫಟಿಕವು ಗಾಜನ್ನು ಗೀರುತ್ತದೆ. ಆದರೆ ಪೂಜೆಯ ಮಣಿಗಳ ಮೇಲೆ ಈ ಪ್ರಯೋಗ ಸಲ್ಲದು. ಕೆನ್ನೆಗೆ ಸೋಕಿಸಿದರೆ ಸ್ಫಟಿಕವು ಗಾಜಿಗಿಂತ ತಣ್ಣಗಿರುತ್ತದೆ. ಭೂತಕನ್ನಡಿಯಲ್ಲಿ ದುಂಡನೆಯ ಗುಳ್ಳೆ ಕಂಡರೆ ಅದು ಬಹುಶಃ ಗಾಜು. ದೊಡ್ಡ ಗೋಳವಾದರೆ ಕೆಳಗೆ ಒಂದು ಕೂದಲನ್ನಿಟ್ಟು ಗೋಳವನ್ನು ತಿರುಗಿಸುತ್ತ ನೋಡಬೇಕು. ಸ್ಫಟಿಕದಲ್ಲಿ ಕೆಲವು ದಿಕ್ಕುಗಳಿಂದ ಆ ಕೂದಲು ಎರಡಾಗಿ ಕಾಣುವುದು.

ಸ್ಫಟಿಕದಲ್ಲಿ ರೋಗಹರವಾದ ಶಕ್ತಿಯುಂಟೆಂದು ಹೇಳಿ ಮಾರುವವರು ಈಗ ಹೆಚ್ಚಾಗಿದ್ದಾರೆ. ಅದಕ್ಕೆ ಪ್ರಮಾಣವಿಲ್ಲ. ಪ್ರಮಾಣಸಿದ್ಧವಾದ ವಿಸ್ಮಯ ಬೇರೆಯೇ ಇದೆ: ಸ್ಫಟಿಕವನ್ನು ಒತ್ತಿದರೆ ವಿದ್ಯುತ್ತು ಹುಟ್ಟುವುದೆಂದು 1880ರಲ್ಲಿ ಕ್ಯೂರಿ ಸೋದರರು ಕಂಡರು. ಇಂದು ನಮ್ಮ ಕೈಗಡಿಯಾರಗಳಲ್ಲಿ ಸಣ್ಣದೊಂದು ಸ್ಫಟಿಕವು ಸೆಕೆಂಡಿಗೆ 32,768 ಬಾರಿ ಕಂಪಿಸುತ್ತ ಕಾಲವನ್ನು ಅಳೆಯುತ್ತಿದೆ.

ಈ ಅಲ್ಪ ಪರಿಚಯವು ನಮ್ಮ ತಾಯಿಯವರ ಜಪಮಾಲೆಯ ವಿಷಯದಲ್ಲಿ ಉಪಯೋಗಕ್ಕೆ ಬಂತು. ಅವರ ತರುವಾಯ ಮಾಲೆಯು ನನ್ನ ತಮ್ಮನ ಮನೆಗೆ ಸೇರಿತ್ತು. ದಾರ ಸವೆದುದರಿಂದ ಅವನ ಮಗಳು ಪೋಣಿಸಲೆಂದು ಅಂಗಡಿಗೆ ಒಯ್ದಳು. ಅಂಗಡಿಯವನು ಒಂದು ಮಣಿಯನ್ನು ನೋಡಿ, ಎಲ್ಲವೂ ಗಾಜೆಂದು ಹೇಳಿ, ಹೊಸ ಮಾಲೆಯನ್ನು ಕೊಂಡು ಇದನ್ನು ಬಿಟ್ಟುಹೋಗೆಂದನಂತೆ. ಹುಡುಗಿ ಮುಖ ಬಾಡಿಸಿಕೊಂಡು ನನ್ನಲ್ಲಿಗೆ ಬಂದಳು. ಅಜ್ಜಿ 40 ವರ್ಷ ಎಣಿಸಿದುದು ಬರಿಯ ಗಾಜನ್ನೇ ಎಂಬುದು ಅವಳ ಸಂಕಟ.

ಬಿಳಿಯ ಬಟ್ಟೆಯ ಮೇಲೆ 108 ಮಣಿಗಳನ್ನೂ ಹರಡಿ ಒಂದೊಂದನ್ನೇ ನೋಡಿದೆವು. 97ರಲ್ಲಿ ಗುಳ್ಳೆಯಿಲ್ಲ, ಹಲವದರಲ್ಲಿ ಮಂಜಿನ ತೆಳುಪರದೆಯಂತಹ ಬಿರುಕುಗಳಿದ್ದುವು. 11ರಲ್ಲಿ ಗುಳ್ಳೆಗಳು ಸ್ಪಷ್ಟ. ಎರಡು ರಾಶಿಗಳನ್ನೂ ಬೇರೆ ಬೇರೆಯಾಗಿ ಗಾಳಿಯಲ್ಲಿಯೂ ನೀರಿನಲ್ಲಿಯೂ ತೂಗಿದಾಗ ಮೊದಲನೆಯದರ ಸಾಂದ್ರತೆ ಸ್ಫಟಿಕಕ್ಕೆ ಒಪ್ಪುವಂತೆ 2.65ರ ಸಮೀಪಕ್ಕೂ ಎರಡನೆಯದರದು 2.5ರ ಸಮೀಪಕ್ಕೂ ಬಂತು.

“ದೊಡ್ಡಪ್ಪ, ಈ ಹನ್ನೊಂದನ್ನು ತೆಗೆದು ಸ್ಫಟಿಕವನ್ನೇ ಕೊಂಡು ಸೇರಿಸೋಣವೇ?” ಎಂದಳು.

ಮಾಲೆ ಎಂದೋ ಹರಿದು ಮಣಿಗಳು ಕಳೆದಿರಬೇಕು. ಅಂದು ಮನೆಯಲ್ಲಿ ಗಾಜಿಗಷ್ಟೇ ಅನುಕೂಲವಿದ್ದಿರಬೇಕು. ಸಂಖ್ಯೆ ಕುಂದಬಾರದೆಂದು ತಾಯಿಯವರೋ ಅವರ ಅತ್ತೆಯವರೋ ಅವನ್ನು ಪೋಣಿಸಿ ಜಪವನ್ನು ಮುಂದುವರಿಸಿದ್ದಾರೆ. ನಾನು ಇಷ್ಟನ್ನೇ ಅವಳಿಗೆ ಹೇಳಿ, ಗಾಜನ್ನು ಗಾಜೆಂದು ತಿಳಿದ ಮೇಲೆ ಇಟ್ಟುಕೊಳ್ಳುವುದರಲ್ಲಿ ವಂಚನೆಯಿಲ್ಲವೆಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, 108ನ್ನೂ ತಾನೇ ಪೋಣಿಸಿದಳು.

ವಾಚಕಮಹಾಶಯರಲ್ಲಿ ನನ್ನ ವಿಜ್ಞಾಪನೆ ಇಷ್ಟೇ. ಮನೆಯಲ್ಲಿರುವ ಮಣಿಗಳನ್ನು ಒಂದು ದಿನ ಹಗಲು ಬೆಳಕಿನಲ್ಲಿ ಮಕ್ಕಳೊಡನೆ ಕುಳಿತು ನೋಡಿರಿ. ಯಾವುದು ಏನು, ಯಾರಿಂದ ಬಂದುದು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಜೊತೆಯಲ್ಲಿಡಿರಿ. ಕಾರ್ಖಾನೆಯಲ್ಲಿ ಬೆಳೆಸಿದ ಸ್ಫಟಿಕವನ್ನು ಮನೆಯ ಪರೀಕ್ಷೆಗಳಿಂದ ಗುರುತಿಸಲಾಗದು. ಬೆಲೆಯ ಪ್ರಶ್ನೆ ಬಂದರೆ ರತ್ನಪರೀಕ್ಷೆಯ ಪ್ರಯೋಗಶಾಲೆಗೆ ಕಳುಹಿಸುವುದು ಯುಕ್ತ. ಕೊಳ್ಳುವವನ ಮಾತೊಂದನ್ನೇ ನಂಬಿ ಹಿರಿಯರ ವಸ್ತುವನ್ನು ಬಿಟ್ಟುಕೊಡಬೇಡಿರಿ.